ಈ ತಿಂಗಳ ಪಾಠ: ಫೋನಿನ ಜಗಳದಿಂದ ಸಾಕಾಗಿ ಹೋದಾಗ



ಹಿಂದೆ ಸಂಘಗಳಿಗೆ ಭೇಟಿ ಕೊಟ್ಟಾಗ ನಾವು ಕೇಳುತ್ತಿದ್ದ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತಿದ್ದವು. ಕಂತು ಸರಿಯಾಗಿ ಬರ್ತಿಲ್ಲ, ಬ್ಯಾಂಕಿನಲ್ಲಿ ಅಲೆದಾಡಿಸ್ತಾರೆ, ಪ್ರತಿನಿಧಿ ಆಗಲು ಯಾರೂ ಒಪ್ಪಲ್ಲ. ಈಗ ಹೊಸದೊಂದು ಸೇರಿದೆ. "ಸಿಸ್ಟರ್, ನನ್ನನ್ನ ವಾಟ್ಸಾಪ್ ಗುಂಪಿನಿಂದ ತೆಗೆದುಬಿಡಿ, ಸಾಕಾಗಿದೆ." ಇದನ್ನು ಹೇಳುವವರು ಜಗಳಗಂಟಿಯರಲ್ಲ. ಗುಂಪಿನಲ್ಲಿ ಒಂದು ದಿನವೂ ಒಂದಕ್ಷರ ಬರೆಯದವರು.

ನಮ್ಮ ಒಂದು ಒಕ್ಕೂಟದಲ್ಲಿ ನಡೆದದ್ದನ್ನು ಹೇಳುತ್ತೇವೆ (ಊರಿನ ಹೆಸರು ಬೇಡ). 9 ಸಂಘಗಳ 120 ಜನರಿರುವ ಗುಂಪು. ಒಂದು ರಾತ್ರಿ 10 ಗಂಟೆಗೆ ಒಬ್ಬರು ಬರೆದರು: "ಕೆಲವರಿಗೆ ಸಾಲ ಕಟ್ಟಲು ದುಡ್ಡಿಲ್ಲ, ಮದುವೆಗೆ ಹೋಗಲು ಹೊಸ ಸರ ಇದೆ." ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದಲೇ ಮೂವರು ಇದು ತಮಗೇ ಹೇಳಿದ್ದು ಎಂದುಕೊಂಡರು. ಒಬ್ಬರು ಅಳುತ್ತಾ ಧ್ವನಿ ಸಂದೇಶ ಹಾಕಿದರು. ಇನ್ನೊಬ್ಬರ ಫೋನಿನಿಂದ ಅವರ ಗಂಡ ಉತ್ತರ ಬರೆದರು. ಸಂಘಕ್ಕೆ ಸಂಬಂಧವೇ ಇಲ್ಲದ ಗಂಡಸು ಸಂಘದ ಲೆಕ್ಕ ಕೇಳತೊಡಗಿದ ಮೇಲೆ ಕೇಳಬೇಕೇ!

ನಾವೂ ಸುಮ್ಮನಿರಲಿಲ್ಲ. 11 ಗಂಟೆಗೆ ಎದ್ದು ಕೂತು ಉದ್ದವಾದ ಬುದ್ಧಿಮಾತು ಟೈಪ್ ಮಾಡಿ ಹಾಕಿದೆವು. ಒಂದು ಕಡೆಯವರು ಅದನ್ನು ತಮ್ಮ ಪರ ಎಂದು ಓದಿದರು, ಇನ್ನೊಂದು ಕಡೆಯವರು "ಸಿಸ್ಟರ್ ಪಕ್ಷಪಾತ ಮಾಡ್ತಾರೆ" ಅಂದರು. ಬೆಳಿಗ್ಗೆ ನೋಡಿದರೆ 140ಕ್ಕೂ ಹೆಚ್ಚು ಸಂದೇಶಗಳು. ಯಾರು ಯಾರು ಬರೆದಿದ್ದಾರೆಂದು ಎಣಿಸಿದೆವು. ಎಂಟೇ ಜನ! ಉಳಿದ ನೂರಕ್ಕೂ ಹೆಚ್ಚು ಮಂದಿ ಬರೀ ಓದಿದವರು, ನಿದ್ದೆಗೆಟ್ಟವರು.

ಮುಂದಿನ ವಾರ ಒಂದು ಸಂಘದ ಸಭೆಗೆ 16 ಜನರಲ್ಲಿ 7 ಜನ ಬಂದರು. ಬಾರದವರ ಮನೆಗೆ ಹೋದೆವು. ಒಬ್ಬ ಸದಸ್ಯೆ ಹೇಳಿದ್ದು ನಮಗೆ ಇನ್ನೂ ನೆನಪಿದೆ: "ಫೋನ್ ಟಿಂಗ್ ಅಂದ್ರೆ ಎದೆ ಧಸಕ್ ಅನ್ನುತ್ತೆ ಸಿಸ್ಟರ್. ಗುಂಪು ಬಿಟ್ರೆ ಸಾಲದ ಸುದ್ದಿ ಗೊತ್ತಾಗಲ್ಲ. ಇದ್ರೆ ಈ ಬೈಗುಳ. ಸಂಘನೇ ಬಿಟ್ಟುಬಿಡೋಣ ಅನ್ಸುತ್ತೆ." ಅವರು ಹನ್ನೊಂದು ವರ್ಷ ಒಂದು ಕಂತೂ ತಪ್ಪಿಸದವರು. ಹೀಗೆ ದಣಿದವರನ್ನು 'ಸೂಕ್ಷ್ಮ ಮನಸ್ಸಿನವರು' ಎಂದು ತಳ್ಳಿಹಾಕುವುದು ತಪ್ಪು. ಜಗಳ ಮಾಡಿದವರು ಸಂಘದಲ್ಲೇ ಇರುತ್ತಾರೆ, ಕಂತು ಕಟ್ಟುವವರು ಹೊರಟುಹೋಗುತ್ತಾರೆ.

ಫೋನಿನಲ್ಲಿ ಜಗಳ ಏಕೆ ಮುಗಿಯುವುದಿಲ್ಲ? ನಮ್ಮ ಸಭೆಯನ್ನೇ ನೋಡಿ. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಅಂದಿನಿಂದ ಸಾಮಾನ್ಯವಾಗಿ ಒಂದು ಸಂಘಕ್ಕೆ 10ರಿಂದ 20 ಜನ. ಚಾಪೆ ಹಾಕಿ ದುಂಡಗೆ ಕೂತರೆ ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ಪಂಚಸೂತ್ರದಲ್ಲಿ ನಿಯಮಿತ ಸಭೆಯೂ ಒಂದು. ಸಭೆಯಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಕಾಯಬೇಕು. ಎದುರಿನವರ ಕಣ್ಣಲ್ಲಿ ನೀರು ಬಂದರೆ ನಮ್ಮ ದನಿ ತಾನಾಗಿ ಇಳಿಯುತ್ತದೆ. ಕೊನೆಗೆ ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಮುಖ ಇಲ್ಲ, ಸರದಿ ಇಲ್ಲ, ಸಹಿಯೂ ಇಲ್ಲ. ಮಧ್ಯಾಹ್ನ ಇಬ್ಬರು ರಾಜಿಯಾದರೂ, ರಾತ್ರಿ ಡ್ಯೂಟಿ ಮುಗಿಸಿ ಬಂದು ಹಳೇ ಸಂದೇಶ ಓದಿದ ಮೂರನೆಯವರು ಮತ್ತೆ ಕೆದಕುತ್ತಾರೆ.

ಆ ಗುಂಪಿನಲ್ಲಿ ನಾವು ಮೊದಲು ಮಾಡಿದ್ದು ಅವಸರದ ಕೆಲಸ. ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಮಾಡಿಬಿಟ್ಟೆವು (2018ರಿಂದ ವಾಟ್ಸಾಪಿನಲ್ಲಿ ಈ ಸೌಲಭ್ಯ ಇದೆ). ಜಗಳ ನಿಂತಿತು. ಆದರೆ ಒಬ್ಬ ಸದಸ್ಯೆ ಎದುರಿಗೇ ಬಂದು, "ಹಾಗಾದ್ರೆ ಇನ್ನು ಪ್ರತಿನಿಧಿಗಳು ಮಾತ್ರ ಮಾತಾಡೋದಾ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಸಾಲ ಬಾಕಿ ಇದ್ದದ್ದೂ ನಿಜವೇ ತಾನೇ? ಬಾಯಿ ಮುಚ್ಚಿಸಿದರೆ ಬಾಕಿ ವಸೂಲಾಗುವುದಿಲ್ಲ.

ಆಮೇಲೆ ಒಕ್ಕೂಟದ ಸಭೆಯಲ್ಲಿ ಕೂತು ತೀರ್ಮಾನಿಸಿದೆವು. ಗುಂಪಿನಲ್ಲಿ ಸಭೆಯ ದಿನ, ತರಬೇತಿ, ಬ್ಯಾಂಕಿನ ಸುದ್ದಿ ಮಾತ್ರ. ಹಣದ ವಿಷಯ, ದೂರು ಏನಿದ್ದರೂ ಸಂಘದ ಸಭೆಗೆ ಬರಬೇಕು. ಉಳಿತಾಯ ಕಟ್ಟುವ ಮೊದಲೇ "ಯಾರಿಗಾದರೂ ಬೇಸರ ಇದೆಯಾ?" ಎಂದು ಕೇಳಬೇಕು. ಮೊದಲೆರಡು ಸಭೆ ಜೋರಾಗಿಯೇ ನಡೆದವು. ಸರದ ಮಾತು ಬರೆದವರೂ ಬಂದರು. ಅವರಿಗೆ ಸಿಟ್ಟಿದ್ದದ್ದು ಬೇರೆ: ಮಗಳ ಫೀಸಿಗೆ ಸಾಲ ಕೇಳಿ ಎರಡು ತಿಂಗಳಾದರೂ ಸಿಕ್ಕಿರಲಿಲ್ಲ. ಅದು ಫೋನಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಿಮಗೂ ಸಾಕಾಗಿದ್ದರೆ, ಗುಂಪಿನ ಹೆಸರು ಒತ್ತಿ ಮ್ಯೂಟ್ ಮಾಡಿ. 8 ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಆಯ್ಕೆ ಇವೆ. ನೀವು ಮ್ಯೂಟ್ ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಟಿಂಗ್ ಅನ್ನುವುದಿಲ್ಲ, ಬೇಕಾದಾಗ ತೆರೆದು ಓದಬಹುದು. ಫೋನ್ ಮಗನ ಕೈಯಲ್ಲಿದ್ದರೆ ಅವನಿಂದಲೇ ಮಾಡಿಸಿಕೊಳ್ಳಿ, ನಾಚಿಕೆ ಬೇಡ. ಆದರೆ ಸಭೆಗೆ ಬನ್ನಿ.

ಮುಂದಿನ ಸಭೆಯಲ್ಲಿ ಚರ್ಚಿಸಿ, ನಡವಳಿ ಪುಸ್ತಕದಲ್ಲಿ ಬರೆಯಿರಿ:
ನಮ್ಮ ಗುಂಪಿನಲ್ಲಿ ಒಂದಕ್ಷರವೂ ಬರೆಯದವರು ಯಾರು ಯಾರು? ಈ ತಿಂಗಳು ಅವರ ಮನೆಗೆ ಯಾರು ಹೋಗಿಬರುತ್ತೀರಿ?