ಯೋಧನ ಮನಸ್ವಾಸ್ಥ್ಯ ಮತ್ತು ಮೊಬೈಲ್ ದೂರವಾಣಿ

ಜ್ವರ ಬಂದರೆ ವೈದ್ಯರ ಬಳಿಗೆ ಹೋಗಲು ಯಾರೂ ನಾಚುವುದಿಲ್ಲ. ಮನಸ್ಸು ಬಳಲಿದಾಗ ಮಾತ್ರ ಅದನ್ನು ಮುಚ್ಚಿಡುವ ಪ್ರವೃತ್ತಿ ನಮ್ಮಲ್ಲಿ ಇಂದಿಗೂ ಉಳಿದಿದೆ. ಸೇನೆಯಲ್ಲಿ ಸೇವೆ ಸಲ್ಲಿಸುವವರಲ್ಲಿ ಈ ಸಂಕೋಚವು ಇನ್ನೂ ಬಲವಾಗಿರುತ್ತದೆ. ಅದನ್ನು ಕಳೆಯುವಲ್ಲಿ ಮೊಬೈಲ್ ದೂರವಾಣಿಯು ಹೇಗೆ ನೆರವಾಗುತ್ತದೆ, ಮನೆಯಲ್ಲಿರುವ ಪತ್ನಿ, ತಂದೆತಾಯಿ ಮತ್ತು ಒಡಹುಟ್ಟಿದವರ ಪಾತ್ರವೇನು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಸಂಕೋಚಕ್ಕೆ ಕಾರಣಗಳು

ತಿಂಗಳುಗಟ್ಟಲೆ ಮನೆಯಿಂದ ದೂರವಿರುವುದು, ನಿದ್ರೆಗೆಟ್ಟು ಕಾವಲು ಕಾಯುವುದು, ಹಿಮಪ್ರದೇಶದ ಚಳಿ ಮತ್ತು ಏಕಾಂತ, ಜೊತೆಗಾರರ ಸಾವುನೋವು, ಊರಿನಲ್ಲಿ ಇತ್ಯರ್ಥವಾಗದ ಜಮೀನಿನ ವ್ಯಾಜ್ಯ - ಇವೆಲ್ಲವೂ ಯೋಧನ ಮನಸ್ಸಿನ ಮೇಲೆ ಭಾರ ಹೇರುತ್ತವೆ. ಆದರೂ ಆತನು ಬಾಯಿ ಬಿಡುವುದಿಲ್ಲ. ‘ಧೈರ್ಯಗೆಟ್ಟವನು’ ಎಂದು ಜೊತೆಯವರು ಹೀಗಳೆದಾರು ಎಂಬ ಅಂಜಿಕೆ ಒಂದು ಕಾರಣ. ಉದ್ಯೋಗದ ಚಿಂತೆ ಇನ್ನೊಂದು. ಭಾರತೀಯ ಸೇನೆಯು ಯೋಧರ ಆರೋಗ್ಯವನ್ನು ‘ಶೇಪ್’ ಎಂಬ ಶ್ರೇಣಿ ಪದ್ಧತಿಯಿಂದ ಅಳೆಯುತ್ತದೆ. ಅದರ ಮೊದಲನೆಯ ಅಂಶವೇ ಮನಸ್ಸಿನ ಸ್ಥಿತಿ. ವೈದ್ಯರಿಗೆ ಹೇಳಿಕೊಂಡರೆ ಶ್ರೇಣಿ ಇಳಿದು ಬಡ್ತಿ ತಪ್ಪೀತು ಎಂದು ಹಲವರು ಹೆದರುತ್ತಾರೆ. ಹೀಗೆ ಆರಂಭದಲ್ಲಿ ಸುಲಭವಾಗಿ ವಾಸಿಯಾಗಬಹುದಾದ ತೊಂದರೆಯು ಬೆಳೆದು ಹೆಮ್ಮರವಾಗುತ್ತದೆ.

ಮೊದಲ ಹೆಜ್ಜೆಗೆ ದೂರವಾಣಿ

ಆಸ್ಪತ್ರೆಯ ಮಾನಸಿಕ ವಿಭಾಗದ ಮುಂದೆ ಕುಳಿತವನನ್ನು ನಾಲ್ಕು ಜನ ನೋಡುತ್ತಾರೆ. ದೂರವಾಣಿಯಲ್ಲಿ ಮಾತನಾಡುವವನಿಗೆ ಆ ಮುಜುಗರವಿಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಯು 2011ರಲ್ಲಿಯೇ ‘ಪಿಟಿಎಸ್‌ಡಿ ಕೋಚ್’ ಎಂಬ ಮೊಬೈಲ್ ಆ್ಯಪನ್ನು ಉಚಿತವಾಗಿ ಒದಗಿಸಿತು. ಯುದ್ಧದ ಆಘಾತದಿಂದ ಬಳಲುವವರು ಅದರ ಮೂಲಕ ತಮ್ಮ ಲಕ್ಷಣಗಳನ್ನು ತಾವೇ ಪರೀಕ್ಷಿಸಿಕೊಂಡು, ಮನಸ್ಸನ್ನು ಶಾಂತಗೊಳಿಸುವ ಅಭ್ಯಾಸಗಳನ್ನು ಕಲಿಯಬಹುದು.

ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ-ಮಾನಸ್’ ಸೇವೆಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಉದ್ಘಾಟನೆಗೊಂಡಿತು. ಈ ಸೇವೆಗೆ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. ಸೈನಿಕರು ಮತ್ತು ಅವರ ಕುಟುಂಬದವರಿಗೆಂದೇ ಇದರ ಒಂದು ವಿಶೇಷ ಘಟಕವು 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು.

ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಇದು ಉಚಿತ, ಹಗಲಿರುಳೂ ಲಭ್ಯ. ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಆಲಿಸುತ್ತಾರೆ. ಅಗತ್ಯವೆನಿಸಿದರೆ ಮನೋವೈದ್ಯರಂತಹ ತಜ್ಞರಿಗೆ ಒಪ್ಪಿಸುತ್ತಾರೆ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಮಾನ್ಯ ಮಾಡಿದೆ. ಆದರೆ ದೂರವಾಣಿಯು ಆಸ್ಪತ್ರೆಯಲ್ಲ, ಆಸ್ಪತ್ರೆಯ ಬಾಗಿಲು ಮಾತ್ರ ಎಂಬುದನ್ನು ಮರೆಯಕೂಡದು.

ಮನೆಯವರ ಕರ್ತವ್ಯ

ಹಿಂದೆ ಊರಿನ ಸುದ್ದಿಯು ಪತ್ರದ ಮೂಲಕ ತಡವಾಗಿ ಗಡಿಯನ್ನು ಮುಟ್ಟುತ್ತಿತ್ತು. ಇಂದು ಸಂಜೆಯ ಜಗಳವು ಅದೇ ರಾತ್ರಿ ಯೋಧನ ಕಿವಿಗೆ ಬೀಳುತ್ತದೆ. ಆತನು ಆ ಚಿಂತೆಯನ್ನು ಹೊತ್ತುಕೊಂಡೇ ಕಾವಲಿಗೆ ನಿಲ್ಲಬೇಕಾಗುತ್ತದೆ. ದುಃಖ ತರುವ ಅದೇ ದೂರವಾಣಿಯು ಸಮಾಧಾನವನ್ನೂ ತರಬಲ್ಲದು. ಅದು ಮನೆಯವರ ವಿವೇಕವನ್ನು ಅವಲಂಬಿಸಿದೆ.

“ಈಚೆಗೆ ನಿದ್ರೆಯೇ ಬರುತ್ತಿಲ್ಲ” ಎಂದು ಪತಿಯು ಹೇಳಿದನೆಂದುಕೊಳ್ಳಿ. “ಏನೂ ಆಗುವುದಿಲ್ಲ, ಧೈರ್ಯವಾಗಿರಿ” ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. “ಎಷ್ಟು ದಿನದಿಂದ ಹೀಗಾಗುತ್ತಿದೆ? ಹೇಳಿ, ನಾನು ಕೇಳುತ್ತೇನೆ” ಎಂದರೆ ಮನಸ್ಸು ತೆರೆಯುತ್ತದೆ. ಆದುದರಿಂದ ಈ ಅಂಶಗಳನ್ನು ಗಮನದಲ್ಲಿಡಿ:

1. ಮೊದಲು ಆಲಿಸಿ, ಉಪದೇಶ ಬೇಡ. ಹೀಯಾಳಿಕೆಯಂತೂ ಸಲ್ಲದು.
2. ಕರ್ತವ್ಯದ ಸ್ಥಳದ ಬಗೆಗೆ ಪ್ರಶ್ನಿಸಬೇಡಿ. ಕೆಲವು ಠಾಣೆಗಳಲ್ಲಿ ಮೊಬೈಲ್ ಬಳಕೆಗೆ ನಿರ್ಬಂಧವಿರುತ್ತದೆ. ಕರೆ ಬಾರದಿದ್ದರೆ ಗಾಬರಿಯಾಗಬೇಡಿ.
3. ಮನೆಯ ತೊಂದರೆಯನ್ನು ಮುಚ್ಚಿಡುವುದೂ ಸರಿಯಲ್ಲ. ಸಮಾಧಾನವಾಗಿ ತಿಳಿಸಿ, ಅದರ ಪರಿಹಾರಕ್ಕೆ ಊರಿನಲ್ಲಿ ಏನು ಮಾಡುತ್ತಿದ್ದೀರಿ ಎಂಬುದನ್ನೂ ಹೇಳಿ.
4. 14416 ಸಂಖ್ಯೆಯನ್ನು ನೀವೇ ಸೂಚಿಸಿ. ನಿಮಗೂ ಮನಸ್ಸು ಭಾರವಾಗಿದ್ದರೆ ನೀವೂ ಕರೆ ಮಾಡಿ.

ಅಪಾಯದ ಸೂಚನೆಗಳು

ಎಂದಿನಂತೆ ಮಾತನಾಡದಿರುವುದು, ಹಸಿವು ಮತ್ತು ನಿದ್ರೆ ಕೆಡುವುದು, ಅತಿಯಾದ ಮದ್ಯಪಾನ, ಕಾರಣವಿಲ್ಲದ ಸಿಟ್ಟು - ಇವು ಎರಡು ವಾರಗಳಾದರೂ ಹೋಗದಿದ್ದರೆ ವೈದ್ಯರ ಸಲಹೆ ಅಗತ್ಯ. “ನಾನಿಲ್ಲದಿದ್ದರೇ ನಿಮಗೆಲ್ಲ ಒಳ್ಳೆಯದು”, “ಮಕ್ಕಳನ್ನು ನೋಡಿಕೋ” ಎಂಬಂತಹ ಮಾತುಗಳನ್ನು ಎಂದಿಗೂ ಹಗುರವಾಗಿ ಕಾಣಬಾರದು. ಯೋಧನ ಕೈಗೆ ಆಯುಧವು ಎಟಕುವಂತಿರುತ್ತದೆ ಎಂಬುದು ನೆನಪಿರಲಿ. “ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೆ?” ಎಂದು ನೇರವಾಗಿ ಕೇಳಿ, ಹೀಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕರೆಯನ್ನು ಮುಂದುವರಿಸುತ್ತಲೇ ಮನೆಯ ಮತ್ತೊಬ್ಬರಿಂದ ಆತನ ತುಕಡಿಯ ಅಧಿಕಾರಿಗೆ ಅಥವಾ ವೈದ್ಯಾಧಿಕಾರಿಗೆ ಸುದ್ದಿ ಮುಟ್ಟಿಸಿ. ಆತನ ಹೆಸರು ಕೆಟ್ಟೀತೆಂದು ಹಿಂಜರಿಯಬೇಡಿ; ಜೀವಕ್ಕಿಂತ ಬಡ್ತಿ ದೊಡ್ಡದಲ್ಲ. ರಜೆಯಲ್ಲಿ ಮನೆಗೆ ಬಂದಿದ್ದರೆ ಒಬ್ಬನನ್ನೇ ಬಿಡದೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನಕ್ಕಾಗಿ 108ಕ್ಕೆ ಕರೆ ಮಾಡಿ.

ತುಕಡಿಯ ದೂರವಾಣಿ ಸಂಖ್ಯೆಯನ್ನು ಇಂದೇ ಬರೆದು, 14416ರ ಜೊತೆಗೆ ಮನೆಯವರೆಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಿಡಿ. ಆಪತ್ತಿನ ವೇಳೆಯಲ್ಲಿ ಹುಡುಕಲು ಸಮಯವಿರುವುದಿಲ್ಲ.

ಅಭ್ಯಾಸ

1. ಮನಸ್ಸಿನ ತೊಂದರೆಯನ್ನು ಹೇಳಿಕೊಳ್ಳಲು ಯೋಧರು ಹಿಂಜರಿಯುವುದೇಕೆ?
2. ‘ದೂರವಾಣಿಯು ಆಸ್ಪತ್ರೆಯ ಬಾಗಿಲು ಮಾತ್ರ’ ಎಂಬುದನ್ನು ವಿವರಿಸಿ.
3. ಯಾವ ಮಾತುಗಳನ್ನು ಕೇಳಿದ ಕೂಡಲೆ ತುಕಡಿಗೆ ಸುದ್ದಿ ಮುಟ್ಟಿಸಬೇಕು?