ಒಡ್ಡು ಸರಕಾರದ್ದು, ನೀರಿನ ಲೆಕ್ಕ ಯಾರದು?



ಕಚೇರಿಯ ಮರಾಠಿ ಕಾಗದಗಳಲ್ಲಿ ‘ಪಾಣಲೋಟ ಕ್ಷೇತ್ರ’ ಎಂಬ ಮಾತನ್ನು ಜತ್ತ, ಅಕ್ಕಲಕೋಟೆಯ ಕಡೆಯ ನಾವೆಲ್ಲ ಓದಿರುವೆವು. ಅದೇ ಕನ್ನಡದ ಜಲಾನಯನ. ಗುಡ್ಡದ ನೆತ್ತಿಯಿಂದ ಇಳಿದ ಮಳೆಯು ಒಂದೇ ಹಳ್ಳಕ್ಕೆ ಕೂಡುವಷ್ಟು ನೆಲವೆಲ್ಲ ಒಂದು ಜಲಾನಯನವು. ಹೊಲಗಳು ಹತ್ತು ಮನೆಯವರವು ಇರಬಹುದು. ಹರಿಯುವ ನೀರಿಗೆ ಬಾಂದುಕಲ್ಲು ತಿಳಿಯದು.

ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಮೇಲಿನ ಹಳ್ಳಕ್ಕೆ ಸಿಮೆಂಟಿನ ಒಡ್ಡು ಬಂದಿತು. ಗುರುತು ಹಾಕುವವರು ಒಂದು ಮುಂಜಾನೆ ಬಂದು ಹೋದರು. ಅಲ್ಲಿ ದಂಡೆಯ ಮಣ್ಣು ಸಡಿಲು, ನೀರು ಮಗ್ಗುಲು ಕೊರೆಯುವದೆಂದು ಕುರಿ ಕಾಯುವ ಹಿರಿಯರೊಬ್ಬರು ಹೇಳಿದರು, ಕೇಳುವವರಿರಲಿಲ್ಲ. ಎರಡನೆಯ ಮಳೆಗಾಲಕ್ಕೆ ಹಾಗೆಯೇ ಆಯಿತು. ಆದರೆ ತಪ್ಪೆಲ್ಲ ಅವರದೆನ್ನಲಾರೆವು. ಹೂಳು ತುಂಬಿದಾಗ ಸಲಿಕೆ ಹಿಡಿದವರು ನಮ್ಮಲ್ಲಿ ಯಾರು? ‘ಸರಕಾರದ ಒಡ್ಡು’ ಎಂದು ಸುಮ್ಮನಿದ್ದೆವು. ಮೇಲಾಗಿ ಒಡ್ಡಿನ ಹತ್ತಿರವೇ ಬೋರು ಕೊರೆಸಿ ಕಬ್ಬು ಹಚ್ಚಿದೆವು. ಕೆಳಗಿನವರ ಬಾವಿಗಳು ಬತ್ತಿದವು. ಅವರಲ್ಲಿ ಒಬ್ಬರು ಇಂದಿಗೂ ನಮ್ಮೊಡನೆ ಮಾತನಾಡುವದಿಲ್ಲ.

ಇದು ನಮ್ಮೊಂದೇ ಊರಿನ ಕಥೆಯಲ್ಲ. ಮಹಾರಾಷ್ಟ್ರ ಸರಕಾರವು 2014ರ ಡಿಸೆಂಬರದಲ್ಲಿ ಆರಂಭಿಸಿದ ‘ಜಲಯುಕ್ತ ಶಿವಾರ’ಕ್ಕೆ 9,600 ಕೋಟಿ ರೂಪಾಯಿಗೂ ಮಿಕ್ಕಿ ವೆಚ್ಚವಾಯಿತು. ಅಂತರ್ಜಲದ ಮಟ್ಟವು ಅದರಿಂದ ಹೇಳಿಕೊಳ್ಳುವಂತೆ ಏರಲಿಲ್ಲವೆಂದು ಮಹಾಲೇಖಪಾಲರ ವರದಿಯು 2020ರಲ್ಲಿ ತಿಳಿಸಿತು.

ಹಿಂದೆ ಅಹಮದನಗರವೆನ್ನುತ್ತಿದ್ದ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರವೂ ನಮ್ಮಂತೆ ಮಳೆ ಕಡಿಮೆಯ ಊರು. ಒಡ್ಡುಗಳಿಗೆ ಅಲ್ಲಿಯೂ ಸರಕಾರದ ಹಣವೇ ಬಂದಿತು. ಆದರೆ ನಿಯಮಗಳನ್ನು ಗ್ರಾಮಸಭೆಯು ಹಾಕಿಕೊಂಡಿತು: ಬೆಳೆಗೆಂದು ಬೋರು ಕೊರೆಯಕೂಡದು, ಗುಡ್ಡದಲ್ಲಿ ಮರ ಕಡಿಯಕೂಡದು, ದನ ಬಿಡಕೂಡದು. ವರ್ಷ ವರ್ಷವೂ ಬಿದ್ದ ಮಳೆಯನ್ನು ಲೆಕ್ಕ ಮಾಡಿ, ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಆಮೇಲೆ ಬೆಳೆ ಗೊತ್ತುಮಾಡುವರು.

ಈ ಲೆಕ್ಕವು ಕಠಿಣವಲ್ಲ. ಏಳನೆಯ ಇಯತ್ತೆಯ ಹುಡುಗನು ಮಾಡಿಯಾನು. ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರ ಮಳೆಯೆಂದರೆ 10,000 ಲೀಟರ ನೀರು. 400 ಮಿಲಿಮೀಟರಿಗೆ 40 ಲಕ್ಷ ಲೀಟರ. ಕಬ್ಬಿಗೆ 1,500 ಮಿಲಿಮೀಟರಿಗೆ ಕಡಿಮೆಯಿಲ್ಲದೆ ನೀರು ಬೇಕು. ಅಂದರೆ ಒಬ್ಬರ ಒಂದು ಹೆಕ್ಟೇರ ಕಬ್ಬು ಸುಮಾರು ನಾಲ್ಕು ಹೆಕ್ಟೇರಿನ ಮಳೆಯನ್ನು ಕುಡಿಯುವದು. ಆ ಉಳಿದ ಮೂರು ಹೆಕ್ಟೇರು ಯಾರವು ಎಂಬುದು ಮುಂಬಯಿಯ ಕಚೇರಿಗೆ ತಿಳಿಯದು; ಊರಿಗೆ ತಿಳಿಯುವದು.

ಹಳ್ಳದ ಮೇಲ್ಭಾಗವು ಬೇರೆ ಊರಿನದಾದರೆ ನಮ್ಮ ಸಭೆಯ ಮಾತು ಅಲ್ಲಿ ನಡೆಯದು. ಅಲ್ಲಿ ತಾಲೂಕಿನವರು ನಡುವೆ ಬರಲೇಬೇಕು. ಆದರೆ ಅವರ ಮುಂದಿಡಲು ನಮ್ಮ ಕೈಯಲ್ಲಿ ಅಂಕಿಗಳಿರಬೇಕಷ್ಟೆ. ಮಳೆ ನಿಂತೊಡನೆ ಹಗ್ಗಕ್ಕೆ ಕಲ್ಲು ಕಟ್ಟಿ ನಿಮ್ಮ ಬಾವಿಯ ನೀರಿನ ಆಳವನ್ನು ಅಳೆಯಿರಿ. ತಾರೀಖು ಹಾಕಿ ಬರೆದುಕೊಂಡು, ಹಿಂಗಾರಿ ಜೋಳದ ಗಡಿಬಿಡಿಯಿದ್ದರೂ ಮುಂದಿನ ಗ್ರಾಮಸಭೆಗೆ ತನ್ನಿರಿ. ನಮ್ಮ ಬೋರಿನ ಅಳತೆಯನ್ನೂ ನಾವು ತರುವೆವು.