ಬಯಲಿನ ನಡುವಣ ದ್ವೀಪಗಳು

ಕಡಲಿನಿಂದ ಬಹುದೂರದಲ್ಲಿರುವ ಮಂಡ್ಯ ಜಿಲ್ಲೆಯ ಕಾಡುಗಿಡಗಳನ್ನು ಕುರಿತ ಲೇಖನಕ್ಕೆ ದ್ವೀಪಗಳ ಹೆಸರೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಸಸ್ಯಶಾಸ್ತ್ರಜ್ಞನ ದೃಷ್ಟಿಯಲ್ಲಿ ದ್ವೀಪವೆಂದರೆ ನೀರಿನಿಂದ ಸುತ್ತುವರಿದ ನೆಲ ಮಾತ್ರವಲ್ಲ. ಒಂದು ಗಿಡ ಬದುಕಬಲ್ಲ ನೆಲವನ್ನು ಅದು ಬದುಕಲಾರದ ನೆಲವು ಎಲ್ಲ ಕಡೆಗಳಿಂದಲೂ ಸುತ್ತುವರಿದಿದ್ದರೆ, ಆ ಗಿಡದ ಪಾಲಿಗೆ ಅದೊಂದು ದ್ವೀಪವೇ ಸರಿ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯ ಸುತ್ತಮುತ್ತ ಕಬ್ಬು ಬತ್ತಗಳ ಹಸುರು ಹರಡಿಕೊಂಡಿದೆ. ಆ ಹಸುರಿನ ನಡುವೆ ಅಲ್ಲಲ್ಲಿ ತಲೆಯೆತ್ತಿ ನಿಂತ ಬಂಡೆ, ಉಳುಮೆಗೆ ಸಿಕ್ಕದ ಕೆರೆಯ ಏರಿ, ದೇವರ ಹೆಸರಿನಲ್ಲಿ ಕೊಡಲಿಯಿಂದ ಉಳಿದುಕೊಂಡ ಮರಗಳ ಗುಂಪು, ಇವೆಲ್ಲವೂ ಅಂತಹ ದ್ವೀಪಗಳೇ. ಅವುಗಳ ಮೇಲಿನ ನಿವಾಸಿಗಳನ್ನು ನಾವು ಈ ಲೇಖನದಲ್ಲಿ ಪರಿಚಯ ಮಾಡಿಕೊಳ್ಳೋಣ.

ಮೂರು ಬಗೆಯ ಸಸ್ಯಗಳು

ಮೊದಲು ಮೂರು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮನುಷ್ಯನ ನೆರವಿಲ್ಲದೆ ಒಂದು ಪ್ರದೇಶಕ್ಕೆ ತಾನಾಗಿಯೇ ಬಂದು ಅಥವಾ ಅಲ್ಲಿಯೇ ಹುಟ್ಟಿ ಬೆಳೆದುಬಂದಿರುವ ಸಸ್ಯವು ದೇಶೀಯ ಸಸ್ಯ. ಮನುಷ್ಯನು ತಿಳಿದೋ ತಿಳಿಯದೆಯೋ ಬೇರೆಡೆಯಿಂದ ತಂದುದು ಆಗಂತುಕ ಸಸ್ಯ. ದೇಶೀಯ ಸಸ್ಯಗಳಲ್ಲಿಯೇ ಕೆಲವು ಒಂದು ನಿರ್ದಿಷ್ಟ ಪ್ರದೇಶವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ವನ್ಯವಾಗಿ ಕಾಣಸಿಗುವುದಿಲ್ಲ. ಇವನ್ನು ಸ್ಥಳಸೀಮಿತ ಸಸ್ಯಗಳೆನ್ನೋಣ. ಸ್ಥಳಸೀಮಿತ ಸಸ್ಯಗಳೆಲ್ಲವೂ ದೇಶೀಯವೇ. ಆದರೆ ದೇಶೀಯವಾದವೆಲ್ಲವೂ ಸ್ಥಳಸೀಮಿತವಲ್ಲ.

ಈ ವಿಂಗಡಣೆಯನ್ನು ನಮ್ಮ ಊರಿನ ಸಸ್ಯಗಳಿಗೆ ಅನ್ವಯಿಸಿದರೆ ಆಶ್ಚರ್ಯವಾಗದಿರದು. ಮಂಡ್ಯದ ನೆಲದೊಡನೆ ಬಿಡಿಸಲಾಗದಂತೆ ಬೆಸೆದುಕೊಂಡಿರುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಹುಣಸೆಯೂ ಆಫ್ರಿಕ ಮೂಲದ್ದೇ. ರಸದಾಳಿಯಂತಹ ಸಿಹಿಕಬ್ಬಿನ ಜಾತಿಯನ್ನು ಮನುಷ್ಯನು ಮೊದಲು ಒಗ್ಗಿಸಿಕೊಂಡುದು ದೂರದ ನ್ಯೂಗಿನಿ ದ್ವೀಪದಲ್ಲಿ. ಮೆಣಸಿನಕಾಯಿ, ಕಡಲೆಕಾಯಿ, ಸೀಬೆಗಳು ಅಮೆರಿಕ ಖಂಡದಿಂದ ಬಂದವು. ಇವು ನಮಗೆ ಉಪಕಾರ ಮಾಡಿದ ಅತಿಥಿಗಳು. ಲಂಟಾನ, ಪಾರ್ಥೇನಿಯಂ, ಸೀಮೆಜಾಲಿ, ಕೆರೆಗಳನ್ನು ಮುಚ್ಚುವ ಜಲಕುಂಭಿ, ಇವೂ ಅಮೆರಿಕದಿಂದ ಬಂದವೇ. ಆದರೆ ಇವು ಮನೆಯವರನ್ನೇ ಹೊರದಬ್ಬುವ ಅತಿಥಿಗಳು. ತಮ್ಮ ತವರಿನಲ್ಲಿ ತಮ್ಮನ್ನು ಅಂಕೆಯಲ್ಲಿಡುತ್ತಿದ್ದ ಕೀಟಗಳೂ ರೋಗಗಳೂ ಇಲ್ಲಿ ಇಲ್ಲದಿರುವುದೇ ಇವುಗಳ ಅತಿವೃದ್ಧಿಗೆ ಒಂದು ಮುಖ್ಯ ಕಾರಣ. ಇದಕ್ಕೆ ನಿದರ್ಶನ ಪಾಪಾಸುಕಳ್ಳಿ. ದಕ್ಷಿಣ ಭಾರತದ ವಿಶಾಲ ಭೂಮಿಯನ್ನು ಆವರಿಸಿದ್ದ ಒಂದು ಜಾತಿಯ ಪಾಪಾಸುಕಳ್ಳಿಯು, 1926ರಲ್ಲಿ ಅದರ ರಸವನ್ನು ಹೀರುವ ಒಂದು ಸಣ್ಣ ಕೀಟವನ್ನು ಸಿಂಹಳದಿಂದ ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಅಡಗಿಹೋಯಿತು.

ಹಾಗಾದರೆ ದೇಶೀಯ ಸಸ್ಯಗಳು ಯಾವುವು? ತಂಗಡಿ, ಹೊಂಗೆ, ತುಂಬೆ, ಮಂಗರವಳ್ಳಿ, ಚದುರಗಳ್ಳಿ, ಎಲಚಿ, ತುಗ್ಗಲಿ ಮೊದಲಾದವು. ಇವುಗಳಲ್ಲಿ ತುಗ್ಗಲಿಯನ್ನು ಗಮನಿಸಿರಿ. ನಮ್ಮ ಒಣ ಗುಡ್ಡಗಳ ಈ ಮರವು ಪೂರ್ವ ಆಫ್ರಿಕದಲ್ಲಿಯೂ ವನ್ಯವಾಗಿ ಬೆಳೆಯುತ್ತದೆ. ಆದುದರಿಂದ ಇದು ನಮ್ಮದು ಹೌದು, ನಮ್ಮದು ಮಾತ್ರ ಅಲ್ಲ.

ದ್ವೀಪಗಳು ಕಲಿಸುವ ಪಾಠ

ಸ್ಥಳಸೀಮಿತ ಸಸ್ಯಗಳು ಹೇಗೆ ಉಂಟಾಗುತ್ತವೆ ಎಂಬುದನ್ನು ತಿಳಿಯಲು ನಿಜವಾದ ದ್ವೀಪಗಳೇ ಉತ್ತಮ ಪ್ರಯೋಗಶಾಲೆಗಳು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಟ್ರೂಡೋಸ್ ಎಂಬ ಪರ್ವತಶ್ರೇಣಿಯಿದೆ. ಅಲ್ಲಿ ಬೆಳೆಯುವ ಗಿಡ್ಡ ಎಲೆಯ ದೇವದಾರು ಬೇರೆ ಯಾವ ದೇಶದಲ್ಲಿಯೂ ವನ್ಯವಾಗಿಲ್ಲ. ಎಲೆಯ ಅಡಿಭಾಗ ಹೊಂಬಣ್ಣವಾಗಿರುವ ಒಂದು ಬಗೆಯ ಓಕ್ ಮರವೂ ಆ ದ್ವೀಪಕ್ಕೇ ಮೀಸಲು. ಪಶ್ಚಿಮಕ್ಕೆ ಸಾಗಿ ಸಿಸಿಲಿ ದ್ವೀಪಕ್ಕೆ ಬಂದರೆ, ಮಡೋನಿಯೆ ಬೆಟ್ಟಗಳ ಮೇಲೆ ನೆಬ್ರೋಡಿ ಫರ್ ಎಂಬ ಮರವಿದೆ. ವನ್ಯವಾಗಿ ಉಳಿದಿರುವ ಬೆಳೆದ ಮರಗಳು ಸುಮಾರು 30 ಮಾತ್ರ. ಒಂದು ಪ್ರಭೇದದ ಸಮಸ್ತ ವಯಸ್ಕ ಸಂತಾನವೂ ನಮ್ಮ ಒಂದು ತರಗತಿಯ ವಿದ್ಯಾರ್ಥಿಗಳ ಸಂಖ್ಯೆಯಷ್ಟೂ ಇಲ್ಲ!

ಹೀಗಾಗುವುದಕ್ಕೆ ಎರಡು ದಾರಿಗಳಿವೆ. ಒಂದು ಗುಂಪಿನ ಗಿಡಗಳು ಬಂಧುಗಳಿಂದ ಬೇರ್ಪಟ್ಟು ದ್ವೀಪದಲ್ಲಿ ಸೇರಿಕೊಂಡರೆ, ಪರಾಗವಾಗಲಿ ಬೀಜವಾಗಲಿ ಹೊರಗಿನಿಂದ ಬರುವುದು ನಿಲ್ಲುತ್ತದೆ. ಪೀಳಿಗೆ ಪೀಳಿಗೆಗೂ ಸಣ್ಣ ಸಣ್ಣ ವ್ಯತ್ಯಾಸಗಳು ಒಟ್ಟುಗೂಡಿ, ದೀರ್ಘಕಾಲದ ಮೇಲೆ ಅದು ಹೊಸ ಪ್ರಭೇದವೇ ಆಗುತ್ತದೆ. ಇದು ನವೀನ ಸ್ಥಳಸೀಮಿತತೆ. ಮತ್ತೊಂದು ದಾರಿ ಇದಕ್ಕೆ ವಿರುದ್ಧವಾದುದು. ಹಿಂದೆ ವಿಶಾಲವಾಗಿ ಹರಡಿದ್ದ ಸಸ್ಯವು ಹವೆಯ ಬದಲಾವಣೆಯಿಂದಲೋ ಮನುಷ್ಯನ ಹಾವಳಿಯಿಂದಲೋ ಉಳಿದೆಡೆಗಳಲ್ಲಿ ನಾಶವಾಗಿ ಒಂದು ಮೂಲೆಯಲ್ಲಿ ಮಾತ್ರ ಉಳಿಯುತ್ತದೆ. ಇದು ಪ್ರಾಚೀನ ಸ್ಥಳಸೀಮಿತತೆ, ಅಂದರೆ ಅವಶೇಷ. ಮೊದಲನೆಯದು ತೊಟ್ಟಿಲು, ಎರಡನೆಯದು ಕೊನೆಯ ಆಶ್ರಯ.

ಶಿಲಾದ್ವೀಪಗಳು

ಬಯಲಿನಲ್ಲಿ ಒಂಟಿಯಾಗಿ ಎದ್ದುನಿಂತ ಕಲ್ಲುಬೆಟ್ಟಗಳಿಗೆ ಜರ್ಮನ್ ಭಾಷೆಯಲ್ಲಿ 'ಇನ್‌ಸೆಲ್‌ಬರ್ಗ್' ಎಂಬ ಹೆಸರಿದೆ. ಅದರ ಅರ್ಥವೇ 'ದ್ವೀಪಬೆಟ್ಟ'. ದಕ್ಷಿಣ ಕರ್ನಾಟಕವು ಇಂತಹ ಬೆಟ್ಟಗಳ ನಾಡು. ನಮ್ಮ ಕಾಲಡಿಯ ನೈಸ್ ಶಿಲೆಯ ವಯಸ್ಸು 300 ಕೋಟಿ ವರ್ಷಗಳಿಗೂ ಹೆಚ್ಚು. ಮದ್ದೂರಿನ ಪೂರ್ವಕ್ಕೆ ರಾಮನಗರದ ಬೆಟ್ಟಗಳನ್ನು ರೂಪಿಸಿರುವ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಮೆದುವಾದ ಭಾಗಗಳು ಮಳೆ ಬಿಸಿಲುಗಳಿಗೆ ಸವೆದು ಮಣ್ಣಾಗಿ ಬಯಲಾದುವು. ಗಟ್ಟಿಯಾದ ಭಾಗಗಳು ಬೆಟ್ಟಗಳಾಗಿ ಉಳಿದುವು.

ಬಂಡೆಯ ಮೇಲಿನ ಬದುಕು ಸುಲಭವಲ್ಲ. ಬೇಸಗೆಯ ಮಧ್ಯಾಹ್ನ ಬರಿಬಂಡೆಯ ಮೈ 50 ಡಿಗ್ರಿ ಸೆಲ್ಸಿಯಸಿಗೂ ಮೀರಿ ಕಾಯುವುದುಂಟು. ವರ್ಷಕ್ಕೆ ಬೀಳುವ ಸುಮಾರು 70 ಸೆಂಟಿಮೀಟರ್ ಮಳೆಯಲ್ಲಿ ಹೆಚ್ಚು ಪಾಲು ನಿಲ್ಲದೆ ಹರಿದುಹೋಗುತ್ತದೆ. ಇಲ್ಲಿ ನೆಲೆಸಿದ ಗಿಡಗಳು ಈ ಕಷ್ಟವನ್ನು ಬಗೆಬಗೆಯಾಗಿ ಎದುರಿಸುತ್ತವೆ. ಮಂಗರವಳ್ಳಿಯೂ ಚದುರಗಳ್ಳಿಯೂ ಕಾಂಡದಲ್ಲಿ ನೀರನ್ನು ಕೂಡಿಡುತ್ತವೆ. ನವಿಲುಜುಟ್ಟು ಎಂಬ ಪುಟ್ಟ ಜರೀಗಿಡ ಬಂಡೆಯ ಬಿರುಕಿನಲ್ಲಿ ಬೇಸಗೆಯಲ್ಲಿ ಸತ್ತಂತೆ ಮುರುಟಿಕೊಂಡು, ಮಳೆ ಬಿದ್ದೊಡನೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಬಂಡೆಯ ತಗ್ಗುಗಳಲ್ಲಿ ಮಳೆಗಾಲದ ನೀರು ನಿಂತಾಗ ಕೆಲವು ಕಿರುಗಿಡಗಳು ಮೊಳೆತು, ಹೂತು, ಬೀಜವನ್ನುದುರಿಸಿ, ಕೆಲವೇ ವಾರಗಳಲ್ಲಿ ಬಾಳನ್ನು ಮುಗಿಸುತ್ತವೆ. ಇನ್ನು ಕೆಲವು ತಮ್ಮ ಐಶ್ವರ್ಯವನ್ನೆಲ್ಲ ಬೇರಿನಲ್ಲಿ ಹೂಳಿಡುತ್ತವೆ. ಇವುಗಳಲ್ಲಿ ಪ್ರಸಿದ್ಧವಾದುದು ಮಾಗಡಿ ಬೇರು.

ಮಾಗಡಿ ಬೇರಿನ ಕಥೆ

ಮಾಕಳಿ ಬೇರು ಎಂದೂ ಕರೆಯಿಸಿಕೊಳ್ಳುವ ಈ ಬಳ್ಳಿಯ ಶಾಸ್ತ್ರೀಯ ನಾಮ ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಎಕ್ಕ ಮತ್ತು ಕಣಗಿಲೆಗಳ ಕುಟುಂಬಕ್ಕೆ ಸೇರಿದ್ದು. ಕಾಂಡವನ್ನು ಗೀರಿದರೆ ಹಾಲು ಒಸರುತ್ತದೆ. ಜೋಡಿಕಾಯಿಗಳು ಒಣಗಿ ಒಡೆದಾಗ ರೇಷ್ಮೆಯಂತಹ ಕೂದಲಿನ ಕುಚ್ಚನ್ನು ಹೊತ್ತ ಬೀಜಗಳು ಗಾಳಿಯಲ್ಲಿ ತೇಲಿ, ಒಂದು ಶಿಲಾದ್ವೀಪದಿಂದ ಇನ್ನೊಂದಕ್ಕೆ ಪಯಣ ಬೆಳೆಸುತ್ತವೆ. ಮಾಗಡಿ, ರಾಮನಗರ, ದೇವರಾಯನದುರ್ಗಗಳ ಕಲ್ಲುಬೆಟ್ಟಗಳೂ ಪೂರ್ವಘಟ್ಟಗಳ ಒಣಗುಡ್ಡಗಳೂ ಇದರ ನೆಲೆ. ಭಾರತದ ದಕ್ಷಿಣ ಪರ್ಯಾಯದ್ವೀಪದ ಹೊರಗೆ ಇದು ವನ್ಯವಾಗಿ ಬೆಳೆಯದು. ಇದು ನಿಜವಾದ ಅರ್ಥದಲ್ಲಿ ನಮ್ಮ ಸ್ಥಳಸೀಮಿತ ಸಸ್ಯ.

ಇದರ ದಪ್ಪ ಬೇರುಗಳ ಪರಿಮಳವನ್ನು ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಪರಿಚಯಿಸಬೇಕಾಗಿಲ್ಲ. ಬೇರಿನ ನಡುವಣ ನಾರನ್ನು ತೆಗೆದು, ಸಿಪ್ಪೆಯ ಹೋಳುಗಳನ್ನು ನಿಂಬೆಯ ರಸದಲ್ಲಿಯೋ ಮಜ್ಜಿಗೆಯಲ್ಲಿಯೋ ಹಾಕಿಟ್ಟ ಉಪ್ಪಿನಕಾಯಿ ಬಹುಕಾಲ ಕೆಡದೆ ನಿಲ್ಲುತ್ತದೆ. ಪರಿಮಳಕ್ಕೆ ಕಾರಣವಾದ ವಸ್ತುವಿನ ಅಣುವಿನಲ್ಲಿ 8 ಇಂಗಾಲ, 8 ಜಲಜನಕ, 3 ಆಮ್ಲಜನಕ ಪರಮಾಣುಗಳಿವೆ. ವೆನಿಲಾದ ಸುವಾಸನೆಗೆ ಕಾರಣವಾದ ವೆನಿಲಿನ್‌ನಲ್ಲಿಯೂ ಇರುವುವು ಇಷ್ಟೇ ಪರಮಾಣುಗಳು. ಜೋಡಣೆ ಮಾತ್ರ ಬೇರೆ. ರಸಾಯನಶಾಸ್ತ್ರದಲ್ಲಿ ಇಂತಹವನ್ನು ಸಮಾಂಗಿಗಳೆಂದು ವಿದ್ಯಾರ್ಥಿಗಳು ಓದಿರುವುದುಂಟು. ಅದರ ಉದಾಹರಣೆ ಅಡುಗೆಮನೆಯ ಭರಣಿಯಲ್ಲಿಯೇ ಇದೆ! ಈ ದ್ರವ್ಯವು ಸೂಕ್ಷ್ಮಜೀವಿಗಳನ್ನೂ ಕೀಟಗಳನ್ನೂ ದೂರವಿಡುತ್ತದೆ.

ಆದರೆ ಈ ಗುಣವೇ ಗಿಡಕ್ಕೆ ಮೃತ್ಯುವಾಗಿದೆ. ಎಲೆಯನ್ನೋ ಹಣ್ಣನ್ನೋ ಕೊಯ್ದರೆ ಗಿಡ ಉಳಿಯುತ್ತದೆ. ಬೇರನ್ನು ಪೂರ್ತಿ ಅಗೆದರೆ ಗಿಡವೇ ಹೋಗುತ್ತದೆ. ಉಪ್ಪಿನಕಾಯಿಗೆಂದೂ, ನಾಮದ ಬೇರಿಗೆ ಬದಲಾಗಿ ಔಷಧಿಗೆಂದೂ, ಪಾನಕಕ್ಕೆಂದೂ ಕಾಡಿನಿಂದ ಬೇರು ಬರುತ್ತಲೇ ಇದೆ. ಬಂಡೆಯ ಬಿರುಕಿನಲ್ಲಿ ನಿಧಾನವಾಗಿ ಬೆಳೆಯುವ ಬಳ್ಳಿಯು ಈ ವೇಗವನ್ನು ಸರಿಗಟ್ಟಲಾರದು. ಅಪಾಯಕ್ಕೆ ಗುರಿಯಾದ ಸಸ್ಯಗಳ ಸಾಲಿಗೆ ಇದು ಸೇರಿರುವುದು ಇದರಿಂದಲೇ. ತೋಟದಲ್ಲಿ ಬೆಳೆಸಿದ ಬೇರು ಮಾರುಕಟ್ಟೆಗೆ ಬಂದಷ್ಟೂ ಬೆಟ್ಟದ ಬಳ್ಳಿಗೆ ಬದುಕು ದೊರೆಯುತ್ತದೆ.

ಕಮರ ಮತ್ತು ಕಾಶ

ಚಿಕ್ಕರಸಿನಕೆರೆಯಿಂದ ದಕ್ಷಿಣಕ್ಕೆ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆಗೆ ಸಾಗಿದರೆ ಕಾವೇರಿಯ ದಡದಲ್ಲಿ ಹೊಳೆಮತ್ತಿಯ ಭಾರಿ ಮರಗಳೂ, ದಡ ಬಿಟ್ಟ ಮೇಲೆ ಒಣಕಾಡೂ ಕಾಣಬರುತ್ತವೆ. ಮಂಡ್ಯ, ರಾಮನಗರ, ಚಾಮರಾಜನಗರ ಜಿಲ್ಲೆಗಳಲ್ಲಿ ಹರಡಿರುವ ಈ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮವಾಗಿದೆ. ಇಲ್ಲಿಯ ಕಮರ ಎಂಬ ಮರ, ಶಾಸ್ತ್ರೀಯವಾಗಿ ಹಾರ್ಡ್‌ವಿಕಿಯ ಬೈನೇಟ, ಭಾರತಕ್ಕೆ ಸೀಮಿತವಾದುದು. ಇದರ ಜಾತಿಯಲ್ಲಿ ಇದೊಂದೇ ಪ್ರಭೇದ. ಎರಡೆರಡಾಗಿ ಕೂಡಿಕೊಂಡ ಎಲೆಗಳಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ನಮ್ಮ ದೇಶದ ಅತಿ ಭಾರವಾದ ಮರಗಳಲ್ಲಿ ಇದೂ ಒಂದು. ಕಲ್ಲುನೆಲವನ್ನು ಸೀಳಿ ಆಳಕ್ಕಿಳಿಯುವ ಬೇರುಗಳಿಂದಲೇ ಇದು ಅಲ್ಪ ಮಳೆಯಲ್ಲಿ ಬದುಕಬಲ್ಲದು.

ಸ್ಥಳಸೀಮಿತವಲ್ಲದ ದೇಶೀಯ ಸಸ್ಯಗಳು ಅಮುಖ್ಯವೆಂದು ತಿಳಿಯಬಾರದು. ಹೊಳೆದಂಡೆಗಳಲ್ಲಿ ಬೆಳ್ಳಗೆ ಹೂ ಬಿಡುವ ಕಾಶಹುಲ್ಲು ಏಷ್ಯ ಆಫ್ರಿಕಗಳೆರಡರಲ್ಲಿಯೂ ಇದೆ. ಹೊಲಕ್ಕೆ ನುಗ್ಗಿದರೆ ಕಳೆ. ಆದರೆ ಇದು ಕಬ್ಬಿನ ಕಾಡುಬಂಧು. 1912ರಲ್ಲಿ ಕೋಯಮತ್ತೂರಿನಲ್ಲಿ ಆರಂಭವಾದ ಕಬ್ಬಿನ ತಳಿ ಸಂಶೋಧನ ಕೇಂದ್ರದಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಸಿಹಿಕಬ್ಬನ್ನು ಈ ಕಾಡುಹುಲ್ಲಿನೊಡನೆ ಸಂಕರ ಮಾಡಿದರು. ಹೀಗೆ ಹುಟ್ಟಿದ ಕೋ 205 ಎಂಬ ತಳಿ 1918ರಲ್ಲಿ ರೈತರಿಗೆ ದೊರೆಯಿತು. ಸಿಹಿ ಒಂದು ಕಡೆಯಿಂದ, ಕಷ್ಟಸಹಿಷ್ಣುತೆ ಇನ್ನೊಂದು ಕಡೆಯಿಂದ. ಇಂದಿಗೂ ಮಂಡ್ಯದ ರೈತರು ಕಬ್ಬಿನ ತಳಿಯ ಹೆಸರಿನಲ್ಲಿ ಉಚ್ಚರಿಸುವ 'ಕೋ' ಎಂಬ ಅಕ್ಷರ ಕೋಯಮತ್ತೂರನ್ನೇ ಸೂಚಿಸುತ್ತದೆ. ಕಳೆಯೆಂದು ಕಿತ್ತೆಸೆಯುವ ಹುಲ್ಲಿನ ರಕ್ತ ಕಬ್ಬಿನ ಗದ್ದೆಯಲ್ಲಿ ಹರಿಯುತ್ತಿದೆಯೆಂದರೆ ಅತಿಶಯೋಕ್ತಿಯಲ್ಲ.

ನೀರು ಬಂದಾಗ, ನೀರು ಹೋದಾಗ

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1930ರ ದಶಕದ ಆದಿಯಲ್ಲಿ ಮುಗಿದು, ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಬರಗಾಲಕ್ಕೆ ಅಂಜುತ್ತಿದ್ದ ಜನರ ಬಾಳು ಇದರಿಂದ ಹಸನಾಯಿತೆಂಬುದನ್ನು ಯಾರೂ ಮರೆಯುವಂತಿಲ್ಲ. ಅದರೊಡನೆ ಹುಲ್ಲುಗಾವಲೂ ಕುರುಚಲೂ ಗದ್ದೆಗಳಾಗಿ, ಒಣನೆಲದ ಗಿಡಗಳು ಬಂಡೆ ಬದುಗಳಿಗೆ ಸರಿದುವು. ಈಗ ಬಂಡೆಗಳನ್ನೂ ಜಲ್ಲಿಗಾಗಿ ಸಿಡಿಸಲಾಗುತ್ತಿದೆ. ಗದ್ದೆಯನ್ನು ಬೀಳು ಬಿಟ್ಟರೆ ಗಿಡ ಮರಳೀತು. ಒಡೆದ ಬಂಡೆ ಮತ್ತೆ ಬೆಳೆಯದು.

ನೆಲೆ ಎಷ್ಟು ಚಿಕ್ಕದೋ ಅಪಾಯ ಅಷ್ಟು ದೊಡ್ಡದು. ಗೇರುಸೊಪ್ಪೆಯ ಜಲಪಾತದ, ಎಂದರೆ ಜೋಗದ, ತುಂತುರಿನಲ್ಲಿ ಬೆಳೆಯುತ್ತಿದ್ದ ಒಂದು ಕಿರುಹುಲ್ಲನ್ನು 1919ರಲ್ಲಿ ಸಂಗ್ರಹಿಸಲಾಯಿತು. ಬೋರ್ ಎಂಬ ತಜ್ಞರು ಅದಕ್ಕೆ ಹಬ್ಬಾರ್ಡಿಯ ಹೆಪ್ಟನ್ಯೂರಾನ್ ಎಂದು ಹೆಸರಿಟ್ಟರು. ಶರಾವತಿಗೆ ಅಣೆಕಟ್ಟುಗಳಾಗಿ ಜಲಪಾತದ ನೀರು ತಗ್ಗಿತು. ಹುಲ್ಲು ಮತ್ತೆ ಅಲ್ಲಿ ಸಿಕ್ಕಲಿಲ್ಲ. ನಶಿಸಿಯೇಹೋಯಿತೆಂದು ಭಾವಿಸಿದ್ದ ಅದು ಈ ಶತಮಾನದ ಆರಂಭದಲ್ಲಿ ಮಹಾರಾಷ್ಟ್ರದ ತಿಲಾರಿ ಪ್ರದೇಶದಲ್ಲಿ ಪುನಃ ಕಂಡುಬಂದಿತು. ಎಲ್ಲ ಸಸ್ಯಗಳಿಗೂ ಇಂತಹ ಎರಡನೆಯ ಅದೃಷ್ಟ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಒಂದು ಹೋಬಳಿಗೇ ಸೀಮಿತವಾದ ಗಿಡವನ್ನು ಬಯಲುಸೀಮೆಯಲ್ಲಿ ಅರಸುವುದು ಫಲಕಾರಿಯಲ್ಲ. ಆದರೆ ಪ್ರತಿ ಊರಿನ ಸಸ್ಯಗಳ ಪಟ್ಟಿಯೂ ಅಮೂಲ್ಯವೇ. ಊರಿನ ಸಮೀಪದ ಒಂದು ಬಂಡೆಯನ್ನೋ ಕೆರೆಯ ಏರಿಯನ್ನೋ ಆರಿಸಿಕೊಳ್ಳಿರಿ. ತಿಂಗಳಿಗೊಮ್ಮೆ, ಒಂದು ವರ್ಷ ಅಲ್ಲಿಗೆ ಹೋಗಿರಿ. ಕಂಡ ಗಿಡದ ಊರಹೆಸರು, ದಿನಾಂಕ, ಮಣ್ಣಿನ ಬಗೆ, ಹೂ ಕಾಯಿಗಳ ಸ್ಥಿತಿ, ಬಂದ ಕೀಟ, ಇವನ್ನು ಬರೆದುಕೊಳ್ಳಿರಿ. ಹೆಸರುಗಳನ್ನು ಹಿರಿಯರಿಂದಲೂ ಕುರಿ ಕಾಯುವವರಿಂದಲೂ ಕೇಳಿ ತಿಳಿಯಿರಿ. ಗಿಡವನ್ನು ಬೇರುಸಹಿತ ಕೀಳಬೇಡಿರಿ. ಒಂದು ಚಿತ್ರ ಅಥವಾ ಒಂದು ಸಣ್ಣ ರೆಂಬೆ ಸಾಕು. ಕೊನೆಗೆ ಅಧ್ಯಾಪಕರ ನೆರವಿನಿಂದ ದೇಶೀಯ, ಸ್ಥಳಸೀಮಿತ, ಆಗಂತುಕ ಎಂಬ ಮೂರು ಸಾಲುಗಳಲ್ಲಿ ಅವನ್ನು ಹಂಚಿರಿ. ಮೂರನೆಯ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ, ಉಳಿದೆರಡು ಗಿಡ್ಡವಾಗುತ್ತ ಬಂದರೆ ಆ ದ್ವೀಪವು ಮುಳುಗುತ್ತಿದೆ ಎಂದು ತಿಳಿಯಬೇಕು. ಅದನ್ನು ಮೊದಲು ಕಂಡವರು ಊರಿಗೆ ತಿಳಿಸುವುದು ವಿದ್ಯೆಯ ಕರ್ತವ್ಯವೇ ಆಗಿದೆ.